ಒಂದೇ ಪಾತ್ರೆ, ಒಂದೇ ಪಂಕ್ತಿ

ಜ್ವರ ಬಿಟ್ಟ ದಿನ ಮೆತ್ತಗಿನ ಮೊಸರನ್ನ, ಮಳೆ ಹಿಡಿದ ಸಂಜೆ ಬಿಸಿ ಉಪ್ಪಿಟ್ಟು, ಶಾಲೆಯಿಂದ ಹಸಿದು ಬಂದಾಗ ಕಡಲೆಕಾಯಿ ಬೀಜ ಹಾಕಿದ ಚಿತ್ರಾನ್ನ. ಹೊಟ್ಟೆಗೂ ಮನಸ್ಸಿಗೂ ಹಿತವಾಗುವ ಅಡುಗೆ ಎಂದರೆ ಬಹಳ ಮನೆಗಳಲ್ಲಿ ಇಂಥವೇ. ಆದರೆ ಹಾಲು, ಗೋಧಿ, ಕಡಲೆಕಾಯಿ ಈ ಮೂರೂ ಒಗ್ಗದ ಮಗುವೊಂದು ಮನೆಯಲ್ಲಿದೆ ಎಂದುಕೊಳ್ಳಿ. ಮೊಸರನ್ನದಲ್ಲಿ ಹಾಲಿನ ಅಂಶ, ಉಪ್ಪಿಟ್ಟಿನ ರವೆಯಲ್ಲಿ ಗೋಧಿ, ಚಿತ್ರಾನ್ನದಲ್ಲಿ ಕಡಲೆಕಾಯಿ. ಕೊನೆಗೆ ಮನೆಯವರಿಗೆಲ್ಲ ಒಂದು ಊಟವಾದರೆ ಆ ಮಗುವಿನ ತಟ್ಟೆಗೆ ಬೇರೆಯೇ ಸಪ್ಪೆ ಗಂಜಿ. ಮನೆಯೊಳಗೇ ಪಂಕ್ತಿಭೇದ!

ಇದು ಹೀಗೇ ಆಗಬೇಕಾಗಿಲ್ಲ. ಅಲರ್ಜಿ ಎಂದರೇನು, ಅಡುಗೆಯಲ್ಲಿ ಯಾವ ಪದಾರ್ಥ ಯಾವ ಕೆಲಸ ಮಾಡುತ್ತದೆ ಎಂಬ ಎರಡು ಸಂಗತಿ ತಿಳಿದಿದ್ದರೆ ಮನೆಮಂದಿಯೆಲ್ಲ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳುವಂತೆ ಅಡುಗೆ ಮಾಡಬಹುದು.

ಮಿತ್ರನನ್ನು ಶತ್ರು ಎಂದು ಬಗೆದಾಗ

‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ಬಳಕೆಗೆ ತಂದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಕೆಲವರಲ್ಲಿ ನಿರುಪದ್ರವಿಯಾದ ಆಹಾರದ ಪ್ರೋಟೀನನ್ನೇ ಶತ್ರು ಎಂದು ಬಗೆಯುತ್ತದೆ. ಅದರ ವಿರುದ್ಧ ‘ಇಮ್ಯುನೊಗ್ಲಾಬ್ಯುಲಿನ್-ಇ’ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಈ ಪ್ರತಿಕಾಯವನ್ನು 1960ರ ದಶಕದಲ್ಲಿ ಗುರುತಿಸಿದವರಲ್ಲಿ ಜಪಾನಿನ ವಿಜ್ಞಾನಿ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಝಾಕ ಪ್ರಮುಖರು. ಚರ್ಮ, ಕರುಳು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಈ ಪ್ರತಿಕಾಯಗಳು ಕಾವಲು ಕುಳಿತಿರುತ್ತವೆ. ಅದೇ ಪ್ರೋಟೀನು ಮತ್ತೆ ಬಂತೆಂದರೆ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಸುರಿಯುತ್ತವೆ. ಮೈಮೇಲೆ ದದ್ದು, ತುಟಿಯ ಊತ, ವಾಂತಿ, ಉಬ್ಬಸ ಇವೆಲ್ಲ ಅದರ ಫಲ.

ಇಲ್ಲಿ ಮುಖ್ಯವಾದ ಮಾತೆಂದರೆ, ಆಹಾರದ ಅಲರ್ಜಿಯಲ್ಲಿ ಸಾಮಾನ್ಯವಾಗಿ ಜಗಳವಿರುವುದು ಪ್ರೋಟೀನಿನ ಜೊತೆಗೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವ ಎಷ್ಟೋ ಜನರಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಜೀರ್ಣವಾಗದಿರುವುದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್. ಮೊಸರಾಗುವಾಗ ಬ್ಯಾಕ್ಟೀರಿಯಾಗಳು ಈ ಸಕ್ಕರೆಯ ಒಂದಿಷ್ಟು ಭಾಗವನ್ನು ತಿಂದು ಮುಗಿಸುವುದರಿಂದ ಅಂಥವರಿಗೆ ಮೊಸರು ಒಗ್ಗೀತು. ಅಲರ್ಜಿ ಇರುವವರಿಗೆ ಈ ರಿಯಾಯಿತಿ ಇಲ್ಲ. ಹಾಲಿನ ಪ್ರೋಟೀನು ಮೊಸರು, ಮಜ್ಜಿಗೆ, ಪನೀರು, ಖೋವಾ ಎಲ್ಲದರಲ್ಲೂ ಇದೆ. ತುಪ್ಪದಲ್ಲೂ ಅದರ ಲೇಶ ಉಳಿದಿರುತ್ತದೆ. ಹಸುವಿನ ಹಾಲು ಬಿಟ್ಟು ಎಮ್ಮೆ ಅಥವಾ ಮೇಕೆಯ ಹಾಲು ಕೊಟ್ಟರಾಯಿತು ಎಂಬ ಎಣಿಕೆಯೂ ತಪ್ಪು. ಅವುಗಳ ಪ್ರೋಟೀನುಗಳು ಒಂದನ್ನೊಂದು ಬಹಳ ಹೋಲುತ್ತವೆ.

ಪಟ್ಟಿ ಚಿಕ್ಕದಿರಲಿ, ಪಾಲನೆ ಕಟ್ಟುನಿಟ್ಟಾಗಿರಲಿ

ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ಅದರಲ್ಲಿ ಗುರುತು ಹಾಕಿದ ಹತ್ತು ಹದಿನೈದು ಪದಾರ್ಥಗಳನ್ನು ಮನೆಯಿಂದಲೇ ಹೊರಹಾಕುವವರಿದ್ದಾರೆ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥವರ ಕಣ್ಣು ತೆರೆಸಬೇಕು. ಅದರಲ್ಲಿ ಶೇ. 26.5ರಷ್ಟು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯ ಕಂಡುಬಂತು. ಆದರೆ ತಿಂದಾಗ ತೊಂದರೆಯೂ ಆಗಿ, ನಿಜವಾದ ಅಲರ್ಜಿ ಇರಬಹುದು ಎನ್ನುವಂತಿದ್ದವರು ಶೇ. 1.2 ಮಾತ್ರ! ಪ್ರತಿಕಾಯ ಇದ್ದ ಮಾತ್ರಕ್ಕೆ ಅಲರ್ಜಿ ಇದೆ ಎಂದಲ್ಲ.

ಬೆಳೆಯುವ ಮಗುವಿನ ತಟ್ಟೆಯಿಂದ ವಿನಾಕಾರಣ ಒಂದು ಬೇಳೆ ತೆಗೆದರೆ ಅಷ್ಟು ಪ್ರೋಟೀನು ಹೋಯಿತು. ಹಾಲು ತೆಗೆದರೆ ಅಷ್ಟು ಸುಣ್ಣದ ಅಂಶ ಹೋಯಿತು. ಆದ್ದರಿಂದ ಪಟ್ಟಿಯನ್ನು ನಿರ್ಧರಿಸಬೇಕಾದವರು ಮಗುವಿನ ಪೂರ್ವವೃತ್ತಾಂತ ಕೇಳಿ, ಪರೀಕ್ಷೆಗಳನ್ನು ಅದರೊಡನೆ ತಾಳೆ ನೋಡುವ ವೈದ್ಯರು. ಅನುಮಾನವಿದ್ದರೆ ಸ್ವಲ್ಪ ಸ್ವಲ್ಪವೇ ತಿನ್ನಿಸಿ ನೋಡುವ ಪರೀಕ್ಷೆಯೂ ಉಂಟು. ಅದು ಆಸ್ಪತ್ರೆಯಲ್ಲಿ ನಡೆಯಬೇಕೇ ಹೊರತು ಅಡುಗೆಮನೆಯಲ್ಲಲ್ಲ. ಒಮ್ಮೆ ಪಟ್ಟಿ ಖಚಿತವಾಯಿತೆಂದರೆ ಮಾತ್ರ ‘ಹಬ್ಬದ ದಿನ ಒಂದು ಚಮಚ ಪರವಾಗಿಲ್ಲ’ ಎಂಬ ಮಾತಿಗೆ ಎಡೆಯಿಲ್ಲ.

ಕೆಲಸ ಯಾರದು, ಬದಲಿ ಯಾರು?

ಅಡುಗೆಯಲ್ಲಿ ಪ್ರತಿಯೊಂದು ಪದಾರ್ಥಕ್ಕೂ ಒಂದು ಉದ್ಯೋಗವಿದೆ. ಅದನ್ನು ತಿಳಿದುಕೊಂಡು ಆ ಕೆಲಸವನ್ನು ಬೇರೊಬ್ಬರಿಗೆ ವಹಿಸುವುದೇ ಜಾಣತನ.

ಮೊಸರನ್ನದಲ್ಲಿ ಮೊಸರಿನ ಕೆಲಸ ನುಣುಪು ಮತ್ತು ಹುಳಿ ಕೊಡುವುದು. ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರಿಟ್ಟು ಮೆತ್ತಗೆ ಬೇಯಿಸಿ ಮಸೆಯಿರಿ. ಆರಿದ ಮೇಲೆ ಒಂದು ಲೋಟ ಗಟ್ಟಿ ತೆಂಗಿನ ಹಾಲು, ಉಪ್ಪು, ಅರ್ಧ ನಿಂಬೆಹಣ್ಣಿನ ರಸ ಬೆರೆಸಿ. ಸಾಸಿವೆ, ಉದ್ದಿನಬೇಳೆ, ಶುಂಠಿ, ಕರಿಬೇವಿನ ಒಗ್ಗರಣೆ ಬಿದ್ದರೆ ಮೊಸರಿಲ್ಲದ ಈ ಅನ್ನವನ್ನು ದೊಡ್ಡವರೂ ಎರಡನೆಯ ಸಲ ಕೇಳುತ್ತಾರೆ. ಕರಾವಳಿಯವರಿಗೆ ಪುನರ್ಪುಳಿಯ ಹುಳಿ ಇದ್ದೇ ಇದೆ.

ಉಪ್ಪಿಟ್ಟಿನಲ್ಲಿ ರವೆಯ ಕೆಲಸ ನೀರು ಹೀರಿ ಉದುರಾಗಿ ಅರಳುವುದು. ಅದನ್ನು ಅಕ್ಕಿತರಿ ಅಥವಾ ನವಣೆ ಸೊಗಸಾಗಿ ಮಾಡುತ್ತದೆ. ಹುರಿದ ಅಕ್ಕಿತರಿ ಒಂದು ಲೋಟಕ್ಕೆ ಎರಡೂವರೆ ಲೋಟದಷ್ಟು ಕುದಿಯುವ ನೀರು, ಮೇಲೆ ತೆಂಗಿನಕಾಯಿ ತುರಿ ಸಾಕು.

ಚಿತ್ರಾನ್ನದಲ್ಲಿ ಕಡಲೆಕಾಯಿ, ಅಂದರೆ ಉತ್ತರ ಕರ್ನಾಟಕದ ಶೇಂಗಾ, ಕೊಡುವುದು ಕುರುಕು. ಕಡಲೆಬೇಳೆ ಒಗ್ಗುವುದಾದರೆ ಕೆಂಪಗೆ ಹುರಿದ ಕಡಲೆಬೇಳೆ ಆ ಕೊರತೆ ತುಂಬುತ್ತದೆ. ಕಡಲೆಕಾಯಿ ಒಗ್ಗದವರಲ್ಲಿ ಹೆಚ್ಚಿನವರು ಬೇರೆ ಬೇಳೆಗಳನ್ನು ತಿನ್ನಬಲ್ಲರಾದರೂ, ಕಡಲೆಗೂ ಅಲರ್ಜಿ ಇರುವವರು ನಮ್ಮ ದೇಶದಲ್ಲಿದ್ದಾರೆ. ವೈದ್ಯರನ್ನು ಕೇಳಿಯೇ ಬಳಸಬೇಕು. ಅದೂ ಬೇಡವಾದರೆ ಗರಿಗರಿಯಾಗಿ ಹುರಿದ ಅವಲಕ್ಕಿಯನ್ನು ಬಡಿಸುವಾಗ ಮೇಲೆ ಉದುರಿಸಿ. ಬಿಸಿಬೇಳೆ ಬಾತಿಗೆ ತುಪ್ಪದ ಬದಲು ತೆಂಗಿನೆಣ್ಣೆ ಹಾಕಿದರೆ ಪರಿಮಳ ಬೇರೆಯಾದೀತು, ರುಚಿ ಕೆಡದು.

ಇಷ್ಟಕ್ಕೂ ಇಡ್ಲಿ, ನೀರುದೋಸೆ, ಒತ್ತುಶ್ಯಾವಿಗೆ, ಸೊಪ್ಪಿನ ಬಸ್ಸಾರಿನ ಜೊತೆ ರಾಗಿಮುದ್ದೆ ಇವು ಯಾವುದಕ್ಕೂ ಹಾಲು, ಗೋಧಿ, ಕಡಲೆಕಾಯಿ ಬೇಕಿಲ್ಲ. ಆದರೆ ತೆಂಗಿನ ಹಾಲು ರುಚಿಯಲ್ಲಿ ಬದಲಿಯೇ ವಿನಾ ಪೋಷಣೆಯಲ್ಲಲ್ಲ ಎಂಬುದನ್ನು ಮರೆಯಬಾರದು. ಅದರಲ್ಲಿ ಪ್ರೋಟೀನೂ ಸುಣ್ಣದ ಅಂಶವೂ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲಿನಷ್ಟು ಸುಲಭವಾಗಿ ಅದು ದೇಹಕ್ಕೆ ಹಿಡಿಯದಿದ್ದರೂ ರಾಗಿ, ನುಗ್ಗೆಸೊಪ್ಪು, ಒಗ್ಗುವ ಬೇಳೆ ದಿನವೂ ಊಟದಲ್ಲಿದ್ದರೆ ಒಳ್ಳೆಯದು. ಸಾಕಾಗದಿದ್ದರೆ ಏನು ಕೊಡಬೇಕೆಂದು ವೈದ್ಯರು ಹೇಳುತ್ತಾರೆ.

ಅಡಗಿ ಕುಳಿತವರು

ಗೋಧಿ ಬಿಟ್ಟ ಮನೆಯಲ್ಲಿ ಗೋಧಿ ಎಲ್ಲಿಂದ ಬಂತು? ಮೊದಲು ಇಂಗಿನ ಡಬ್ಬಿ ನೋಡಿ. ಅಂಗಡಿಯ ಇಂಗು ಅಪ್ಪಟವಲ್ಲ. ಅದಕ್ಕೆ ಅಂಟು ಮತ್ತು ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಬಹಳ ಸಲ ಮೈದಾ. ಆಮೇಲೆ ಹಿಟ್ಟಿನ ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಗೋಧಿಯ ಹಿಟ್ಟೂ ಜೊತೆಗೆ ಮನೆಗೆ ಬರುತ್ತದೆ. ಮನೆಯಲ್ಲೇ ಬೀಸಿಕೊಳ್ಳುವುದು ಕ್ಷೇಮ.

ಎಣ್ಣೆಯ ವಿಷಯವೂ ಕುತೂಹಲಕಾರಿ. ಪೂರ್ಣವಾಗಿ ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಘಮಘಮಿಸುವ ಗಾಣದ ಎಣ್ಣೆಯಲ್ಲಿ ಅದು ಉಳಿದಿರುತ್ತದೆ. ಮನೆಯಲ್ಲಿ ಅಲರ್ಜಿಯವರಿದ್ದರೆ ಬೇರೆ ಎಣ್ಣೆಯನ್ನೇ ಆರಿಸಿಕೊಳ್ಳಬಹುದು. ಚಟ್ನಿಪುಡಿ ಮಾಡಿದ ಮಿಕ್ಸಿ ಜಾರು, ಪೂರಿ ಕರಿದ ಬಾಣಲೆಯ ಎಣ್ಣೆ, ಮಜ್ಜಿಗೆಹುಳಿಯ ಸೌಟು ಇವೂ ಗುಟ್ಟಾಗಿ ದಾಟಿಸುವ ಹಾದಿಗಳು. ಜಾರು, ಸೌಟುಗಳನ್ನು ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು. ಕೈಗೂ ಅಷ್ಟೆ. ಸ್ಯಾನಿಟೈಸರ್ ರೋಗಾಣುವನ್ನು ಕೊಂದೀತೇ ಹೊರತು ಪ್ರೋಟೀನನ್ನು ಕೈಯಿಂದ ತೊಳೆದುಹಾಕಲಾರದು.

ಪೊಟ್ಟಣದ ತಿಂಡಿ ಕೊಳ್ಳುವಾಗ ಹಿಂಬದಿಯನ್ನು ಓದಬೇಕು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮದಂತೆ ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಯ ಜಾತಿ, ಸೋಯಾ, ಕಡಲೆಕಾಯಿ ಹಾಗೂ ಗೋಡಂಬಿ-ಬಾದಾಮಿಯಂಥ ಬೀಜಗಳು, ಗ್ಲುಟೆನ್ ಇರುವ ಧಾನ್ಯಗಳು ಇದ್ದರೆ ಅದನ್ನು ತಿಳಿಸಬೇಕು. ಆ ಪಟ್ಟಿಯಲ್ಲಿ ಎಳ್ಳು ಇಲ್ಲ. ಎಳ್ಳು ಒಗ್ಗದವರು ಪದಾರ್ಥಗಳ ಸಾಲನ್ನು ಪೂರ್ತಿ ಓದದೆ ವಿಧಿಯಿಲ್ಲ.

ಶಾಲೆಯಲ್ಲಿ

ಡಬ್ಬಿ ಹಂಚಿಕೊಂಡು ತಿನ್ನುವುದು ಸ್ನೇಹದ ಲಕ್ಷಣ. ಆದರೆ ಪಕ್ಕದ ಗೆಳತಿ ‘ನನಗೆ ಬೇಡ’ ಎಂದರೆ ಅದು ಬಿಂಕವಲ್ಲವೆಂದು ತಿಳಿಯಿರಿ. ಒತ್ತಾಯಿಸುವುದಾಗಲಿ, ಪರೀಕ್ಷೆ ಮಾಡಲೆಂದು ಕದ್ದು ಬೆರೆಸುವುದಾಗಲಿ ತಮಾಷೆಯಲ್ಲ, ಪ್ರಾಣಕ್ಕೆ ಬರುವ ಆಟ. ತಂದೆ ತಾಯಿಯರು ಒಗ್ಗದ ಪದಾರ್ಥಗಳ ಪಟ್ಟಿಯನ್ನೂ ವೈದ್ಯರು ಬರೆದುಕೊಟ್ಟ ಸೂಚನೆಯನ್ನೂ ಮುಖ್ಯೋಪಾಧ್ಯಾಯರಿಗೆ ಕೊಟ್ಟಿರಬೇಕು. ತಿಂದ ಸ್ವಲ್ಪ ಹೊತ್ತಿನಲ್ಲೇ ಉಸಿರು ಕಟ್ಟಿದರೆ, ಗಂಟಲು ಬಿಗಿದರೆ, ತಲೆ ಸುತ್ತಿ ಕುಸಿದರೆ ಮನೆಮದ್ದಿಗೆ ಕಾಯುವಂತಿಲ್ಲ. ಅದಕ್ಕೆ ಮೊದಲ ಔಷಧ ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆ ಸೇರಿಸಬೇಕು.

ಮಾಡಿ ನೋಡಿ

ಚಪಾತಿ ಹಿಟ್ಟು ಹರಿಯದಂತೆ ಹಿಡಿದಿಡುವುದು ಗೋಧಿಯ ಗ್ಲುಟೆನ್ ಎಂಬ ಪ್ರೋಟೀನು. ಅದು ಇಲ್ಲದ ಅಕ್ಕಿಹಿಟ್ಟಿನಲ್ಲಿ ರೊಟ್ಟಿ ಆಗುವುದು ಹೇಗೆ? ಎರಡು ಬಟ್ಟಲುಗಳಲ್ಲಿ ಅರ್ಧರ್ಧ ಲೋಟ ಅಕ್ಕಿಹಿಟ್ಟು ತೆಗೆದುಕೊಳ್ಳಿ. ಒಂದಕ್ಕೆ ತಣ್ಣೀರು ಹಾಕಿ ಕಲಸಿ. ಇನ್ನೊಂದಕ್ಕೆ ಅಮ್ಮನಿಂದಲೋ ಅಪ್ಪನಿಂದಲೋ ಕುದಿಯುವ ನೀರು ಹಾಕಿಸಿ, ಚಮಚದಲ್ಲಿ ತಿರುವಿ, ಕೈ ಸುಡದಷ್ಟು ಆರಿದ ಮೇಲೆ ನಾದಿ. ಎರಡನ್ನೂ ಅಂಗೈಯಲ್ಲಿ ಹಗ್ಗದಂತೆ ಹೊಸೆಯಿರಿ. ಮೊದಲನೆಯದು ತುಂಡು ತುಂಡಾಗುತ್ತದೆ, ಎರಡನೆಯದು ಉದ್ದಕ್ಕೆ ಬರುತ್ತದೆ. ಬಿಸಿಗೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಗ್ಲುಟೆನ್ ಮಾಡುವ ಕೆಲಸವನ್ನು ಇಲ್ಲಿ ಆ ಅಂಟು ಮಾಡುತ್ತದೆ. ಜೋಳದ ರೊಟ್ಟಿ, ರಾಗಿಮುದ್ದೆಗಳ ಗುಟ್ಟೂ ಇದೇ.

ಪ್ರಯೋಗ ಮುಗಿದ ಮೇಲೆ ಎರಡನೆಯ ಬಟ್ಟಲಿನ ಹಿಟ್ಟನ್ನು ಚೆಲ್ಲಬೇಡಿ. ಉಪ್ಪು, ಸಬ್ಬಸಿಗೆ ಸೊಪ್ಪು, ತೆಂಗಿನ ತುರಿ ಸೇರಿಸಿ ರೊಟ್ಟಿ ತಟ್ಟಿ, ಮನೆಯವರೆಲ್ಲ ಒಟ್ಟಿಗೆ ಕುಳಿತು ತಿನ್ನಿ.