ಮದಿರಾ ಬೋಗಿ ಮತ್ತು 15ಎ ಕೇಸು

ಗೋಲ್ಡನ್ ಚಾರಿಯಟ್ ರೈಲಿನಲ್ಲಿ ಒಂದು ಬಾರ್ ಇದೆ. ಹೆಸರು ‘ಮದಿರಾ’. ಊಟದ ಬೋಗಿಗಳು ‘ನಳ’ ಮತ್ತು ‘ರುಚಿ’, ಮಲಗುವ ಬೋಗಿಗಳಿಗೆ ಕದಂಬ, ಹೊಯ್ಸಳ, ಸಂಗಮ ಅಂತ ರಾಜವಂಶಗಳ ಹೆಸರು. ಇಡೀ ರೈಲಿಗೆ ಹೆಸರು ಕೊಟ್ಟಿದ್ದು ಹಂಪಿಯ ಕಲ್ಲಿನ ರಥ. 2008ರಲ್ಲಿ ಶುರುವಾದ ಈ ರೈಲು ನಡುವೆ ನಿಂತು, 2024ರ ಡಿಸೆಂಬರ್‌ನಲ್ಲಿ ಮತ್ತೆ ಹೊರಟಿತು. ಐದು ರಾತ್ರಿಯ ‘ಪ್ರೈಡ್ ಆಫ್ ಕರ್ನಾಟಕ’ ಪ್ರವಾಸಕ್ಕೆ ಆಗ ಪ್ರಕಟಿಸಿದ ದರ 4,00,530 ರೂಪಾಯಿ, ಅದರ ಮೇಲೆ ಶೇ 5 ಜಿಎಸ್‌ಟಿ. ಊಟ, ಸುತ್ತಾಟ, ಸ್ಮಾರಕಗಳ ಟಿಕೆಟ್, ಜೊತೆಗೆ ಮದ್ಯ, ಎಲ್ಲವೂ ಅದರೊಳಗೇ. ಬಂಡೀಪುರ, ಮೈಸೂರು, ಹಳೇಬೀಡು ಮುಗಿಸಿ ಹಂಪಿ ತೋರಿಸಿ ಗೋವಾಕ್ಕೆ ಕರೆದೊಯ್ಯುತ್ತದೆ. ಸಮುದ್ರವಿಲ್ಲದ ನಮ್ಮ ಸೀಮೆಗೆ ಕ್ರೂಸ್ ಹಡಗು ಅಂದರೆ ಇದೇ.

ನಿಜವಾದ ಕ್ರೂಸ್ ಹಡಗುಗಳಲ್ಲಿ ಒಂದು ಹಳೇ ಜಗಳವಿದೆ: ನಮ್ಮ ವೈನ್ ನಾವೇ ತರಬಹುದಾ? ಅಮೆರಿಕದ ಕಾರ್ನಿವಲ್ ಕಂಪನಿಯ ನಿಯಮ ಹೀಗಿದೆ: 21 ದಾಟಿದ ಪ್ರತಿಯೊಬ್ಬರೂ ಹಡಗು ಹತ್ತುವ ದಿನ 750 ಮಿಲಿಲೀಟರಿನ ಒಂದು ಸೀಲ್ ಮಾಡಿದ ವೈನ್ ಬಾಟಲಿ ಕೈಚೀಲದಲ್ಲಿ ತರಬಹುದು. ವಿಸ್ಕಿ, ಬಿಯರ್ ಇಲ್ಲ. ಆ ಬಾಟಲಿಯನ್ನು ಊಟದ ಹಾಲಿನಲ್ಲಿ ಬಿಚ್ಚಿದರೆ ‘ಕಾರ್ಕೇಜ್’ ಕೊಡಬೇಕು, ಅಂದರೆ ನಿಮ್ಮದೇ ಬಾಟಲಿಯ ಮುಚ್ಚಳ ತೆಗೆದಿದ್ದಕ್ಕೆ ಕೂಲಿ. ಇದರಲ್ಲಿ ನೀತಿ ಪಾಠ ಏನೂ ಇಲ್ಲ, ಪೂರ್ತಿ ಲೆಕ್ಕಾಚಾರ. ದೊಡ್ಡ ಕ್ರೂಸ್ ಕಂಪನಿಗಳ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಟಿಕೆಟ್ಟಿನಿಂದ ಬರುವುದಿಲ್ಲ, ಹತ್ತಿದ ಮೇಲೆ ನೀವು ಮಾಡುವ ಖರ್ಚಿನಿಂದ ಬರುತ್ತದೆ. ಸುತ್ತ ನೀರು, ಬೇರೆ ಅಂಗಡಿ ಇಲ್ಲ. ಆದರೂ ಒಂದು ಬಾಟಲಿ ಬಿಡುತ್ತಾರೆ, ಯಾಕಂದ್ರೆ ಪೂರ್ತಿ ಬೇಡ ಅಂದರೆ ಜನ ಮೌತ್‌ವಾಶ್ ಬಾಟಲಿಯಲ್ಲಿ ತುಂಬಿಕೊಂಡು ಬರುತ್ತಾರೆ! ನಿಯಮವನ್ನು ಜನರ ಸ್ವಭಾವಕ್ಕೆ ಸ್ವಲ್ಪ ಬಗ್ಗಿಸಿದರೆ ಕಳ್ಳತನ ಕಮ್ಮಿಯಾಗುತ್ತದೆ ಅನ್ನುವುದು ಆ ಕಂಪನಿಗಳಿಗೆ ಗೊತ್ತು.

ಈಗ ಸಂಡೂರಿಗೆ ಬನ್ನಿ. ಅದಿರು ಲಾರಿಗಳು ಓಡಾಡುವ ರಸ್ತೆ, ಪಕ್ಕದಲ್ಲಿ ಒಂದು ಢಾಬಾ. ಡ್ರೈವರ್ ದಿನದ ಕೆಲಸ ಮುಗಿಸಿ, ವೈನ್ ಶಾಪಿನಿಂದ ಎಂಆರ್‌ಪಿ ಕೊಟ್ಟು ತಂದ ಕ್ವಾರ್ಟರನ್ನು ಮೇಜಿನ ಮೇಲಿಡುತ್ತಾನೆ. (ನಮ್ಮ ‘ವೈನ್ ಶಾಪ್’ಗಳಲ್ಲಿ ವೈನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತೆ, ಅದಿರಲಿ.) ಢಾಬಾದವನು ಒಂದು ಗ್ಲಾಸು, ನೀರು, ಆಮ್ಲೆಟ್ ಕೊಡುತ್ತಾನೆ. ಆ ಗ್ಲಾಸು ಕೊಟ್ಟನಲ್ಲ, ಅಲ್ಲಿಗೆ ಅಪರಾಧ ಆಯಿತು. ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 15ಎ, 32(3): ಸಾರ್ವಜನಿಕ ಸ್ಥಳದಲ್ಲಿ ಮದ್ಯ ಕುಡಿಯಲು ಅವಕಾಶ ಮಾಡಿಕೊಟ್ಟ ಆರೋಪ. ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಎರಡು ಸಾಲಿನ ಸುದ್ದಿಯಾಗಿ ಬರುವ ಕೇಸು ಇದೇ. ಗೂಡಂಗಡಿಯವನು, ಎಗ್‌ರೈಸ್ ಗಾಡಿಯವನು, ಢಾಬಾದವನು, ಆರೋಪಿಗಳು ಯಾವಾಗಲೂ ಇವರೇ.

ಗಮನಿಸಿ, ಅವನು ಮದ್ಯ ಮಾರಿಲ್ಲ. ಹಡಗಿನವರು ‘ಕಾರ್ಕೇಜ್’ ಅಂತ ರಸೀದಿ ಕೊಟ್ಟು ಮಾಡುವ ಕೆಲಸವನ್ನು ಅವನು ರಸೀದಿಯಿಲ್ಲದೆ ಮಾಡಿದ್ದಾನೆ, ಅಷ್ಟೇ.

ಹಾಗಾದರೆ ಆ ಡ್ರೈವರ್ ಎಲ್ಲಿ ಕುಡಿಯಬೇಕಿತ್ತು? ಎಂಜಿನಿಯರಿಂಗ್ ಓದಿದ ಚಟಕ್ಕೆ ಇದನ್ನು ಫ್ಲೋಚಾರ್ಟ್ ಥರ ಬರೆದು ನೋಡಿದೆ. ಸಿಎಲ್-2 ಅಂಗಡಿಯಲ್ಲಿ ಕೊಳ್ಳಬಹುದು, ಅಲ್ಲಿ ಕುಡಿಯೋ ಹಾಗಿಲ್ಲ. ಸಿಎಲ್-9 ಬಾರಿನಲ್ಲಿ ಕುಡಿಯಬಹುದು, ಆದರೆ ಅದೇ ಸರಕಿಗೆ ಹೆಚ್ಚು ದುಡ್ಡು. ರಸ್ತೆ ಬದಿ, ಕೆರೆ ದಂಡೆ, ಬಯಲು, ಎಲ್ಲವೂ ಸಾರ್ವಜನಿಕ ಸ್ಥಳ. ಲಾರಿ ಕ್ಯಾಬಿನ್ನಿನಲ್ಲಿ ಅವನು ಕುಡಿಯಲೇಬಾರದು, ನಮ್ಮೆಲ್ಲರ ಜೀವದ ಪ್ರಶ್ನೆ ಅದು. ಉಳಿದದ್ದು ಮನೆ. ಸಂಡೂರಿನ ಗಣಿ ಕೆಲಸಕ್ಕೆ, ಕಂಪ್ಲಿಯ ಕಬ್ಬಿನ ಗದ್ದೆಗೆ, ರೈಸ್ ಮಿಲ್ಲಿಗೆ ಬೇರೆ ಊರಿಂದ ಬಂದವನ ಮನೆ ಎಲ್ಲಿದೆ? ಒಂದೇ ಕೋಣೆಯಲ್ಲಿ ಹೆಂಡತಿ ಮಕ್ಕಳ ಜೊತೆ ಇರುವವನು ಮನೆಯಲ್ಲೇ ಕುಡಿಯಲಿ ಅಂತ ಕಾನೂನು ಬಯಸಿದರೆ, ಅದರ ಏಟು ಯಾರ ಮೈಮೇಲೆ ಬೀಳುತ್ತೆ ಅನ್ನುವುದನ್ನೂ ಯೋಚಿಸಬೇಕಲ್ವಾ?

ಸರ್ಕಾರಕ್ಕೆ ಮಾತ್ರ ಈ ಗೊಂದಲ ಇಲ್ಲ. 2025-26ರ ಬಜೆಟ್‌ನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ. ಈ ದುಡ್ಡು ‘ಮದಿರಾ’ ಬೋಗಿಯಿಂದ ಬರೋದಲ್ಲ, 90 ಮಿಲಿಯ ಟೆಟ್ರಾ ಪ್ಯಾಕಿನಿಂದ ಬರೋದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷವೇ ಸರ್ಕಾರದ ಪ್ರವಾಸೋದ್ಯಮ ನಿಗಮ ಹಳಿಯ ಮೇಲೆ ಬಾರ್ ಓಡಿಸಿತು. ಬಡವನ ಪ್ಯಾಕೆಟ್ ಹೋಗಿ ಅದರ ಜಾಗಕ್ಕೆ ಇನ್ನೂ ದುಬಾರಿಯಾದ, ಸರ್ಕಾರಕ್ಕೆ ಹೆಚ್ಚು ಸುಂಕ ತರುವ ಪ್ಯಾಕೆಟ್ ಬಂತು. ಕೊಳ್ಳುವ ತನಕ ಅವನು ಗ್ರಾಹಕ, ಮುಚ್ಚಳ ತೆಗೆದ ಕ್ಷಣದಿಂದ ಕಾನೂನಿನ ತೊಂದರೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ಹಾರಿಸಿ ಮುಂದೆ ಹೋಗುವುದು ಅಪ್ರಾಮಾಣಿಕತೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರಲ್ಲಿ ದೊಡ್ಡ ಪಾಲು ನಮ್ಮದೇ ಕಲ್ಯಾಣ ಕರ್ನಾಟಕದ ಕೂಲಿ ಹೆಂಗಸರು. ಹಳ್ಳಿಯ ಕಿರಾಣಿ ಅಂಗಡಿ, ಗೂಡಂಗಡಿಗಳಲ್ಲಿ ಪ್ಯಾಕೆಟ್ ಮಾರಾಟದಿಂದ ಸಂಸಾರ ಬೀದಿಗೆ ಬಂದದ್ದನ್ನು ಕಣ್ಣಾರೆ ಕಂಡವರು. ‘ಢಾಬಾದಲ್ಲಿ ಕುಡಿಯೋಕೆ ಬಿಡಿ’ ಅಂದರೆ ಅವರು ಕೇಳುವ ಪ್ರಶ್ನೆ ನೇರ: ಗ್ಲಾಸು ಕೊಡುವವನು ನಾಳೆ ಬಾಟಲಿಯನ್ನೂ ಕೊಡುವುದಿಲ್ಲ ಅಂತ ಏನು ಗ್ಯಾರಂಟಿ?

ಗ್ಯಾರಂಟಿ ಇಲ್ಲ. ಆದರೆ ಈಗಿನ ಕಾನೂನು ಆ ಹೆಂಗಸರಿಗೂ ಏನೂ ಕೊಟ್ಟಿಲ್ಲ ಅನ್ನುವುದು ನನ್ನ ವಾದ. ಊರೊಳಗೆ ಕದ್ದು ಮಾರುವವನು, ಹೆದ್ದಾರಿಯಲ್ಲಿ ಗ್ಲಾಸು ಕೊಡುವವನು, ಇಬ್ಬರೂ ಅಬಕಾರಿ ಕೇಸುಗಳ ಪಟ್ಟಿಯಲ್ಲಿ ಒಂದೊಂದು ಅಂಕಿ. ಎರಡನೆಯದು ಸುಲಭದ ಅಂಕಿ, ರಸ್ತೆ ಬದಿಯಲ್ಲೇ ಸಿಗುತ್ತೆ. ಮೊದಲನೆಯದನ್ನು ಹಿಡಿಯಲು ಊರಿನ ರಾಜಕೀಯ ಎದುರು ಹಾಕಿಕೊಳ್ಳಬೇಕು. ಮಾರಾಟ ಬೇರೆ, ಜಾಗ ಕೊಡುವುದು ಬೇರೆ ಅಂತ ಕಾನೂನು ಗೆರೆ ಎಳೆದರೆ ಇಲಾಖೆಯ ಕೈ ಮೊದಲನೆಯದರ ಮೇಲೆ ಬೀಳುವಂತೆ ಒತ್ತಾಯಿಸಬಹುದು.

ಹಂಪಿಯ ಕಥೆ ಇನ್ನೂ ವಿಚಿತ್ರ. ವಿರೂಪಾಕ್ಷ ಗುಡಿಯ ಸುತ್ತ ಮದ್ಯ, ಮಾಂಸ ಇಲ್ಲ. ಅದು ಆ ಜಾಗದ ಮರ್ಯಾದೆ, ತಕರಾರಿಲ್ಲ. ಹೊಳೆಯಾಚೆ ವಿರೂಪಾಪುರ ಗಡ್ಡೆ ಬೇರೆ ಲೋಕವಾಗಿತ್ತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದ ಮೇಲೆ ಅಲ್ಲಿನ ರೆಸಾರ್ಟ್‌ಗಳನ್ನು ಕೆಡವಿದರು. ಈಗ ಹಂಪಿ ವಿಜಯನಗರ ಜಿಲ್ಲೆ, ಗಡ್ಡೆ ಕೊಪ್ಪಳ ಜಿಲ್ಲೆ, ಕಂಪ್ಲಿ ಮತ್ತು ಸಂಡೂರು ಬಳ್ಳಾರಿ ಜಿಲ್ಲೆ. ಹರಿಗೋಲಿನಲ್ಲಿ ದಾಟುವಷ್ಟು ದೂರಕ್ಕೆ ಅಬಕಾರಿ ಅಧಿಕಾರಿ ಬದಲಾಗುತ್ತಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ಹೊಳೆಯ ಬುಟ್ಟಿಯಂಥ ದೋಣಿಗಳ ಬಗ್ಗೆ ಬರೆದಿದ್ದಾನೆ, ಕುದುರೆ ಎತ್ತುಗಳೂ ಅದರಲ್ಲಿ ದಾಟುತ್ತಿದ್ದವಂತೆ. ಇವತ್ತು ಪ್ರವಾಸಿಗರ ಬ್ಯಾಗಿನೊಳಗೆ ಏನು ದಾಟುತ್ತೆ ಅಂತ ಊರವರನ್ನು ಕೇಳಿ. ಹೊಸಪೇಟೆಯಲ್ಲಿ ಕೊಂಡು, ಬಂಡೆ ಮೇಲೆ ಕೂತು ಕುಡಿದು, ಬಾಟಲಿ ಅಲ್ಲೇ ಒಡೆದು ಹೋಗುತ್ತಾರೆ. ಗಾಜಿನ ಚೂರು ಹೆಕ್ಕುವವರು ಇಲ್ಲಿನವರು.

ಇದೇ ಕೊಪ್ಪಳದ ದ್ರಾಕ್ಷಿಯಿಂದ ಮಾಡಿದ ವೈನು ಹಂಪಿಯ ಬೆಟ್ಟಗಳ ಹೆಸರು ಹೊತ್ತು ಮಹಾನಗರಗಳಿಗೆ ಹೋಗುತ್ತೆ. 2007ರಲ್ಲಿ ರಾಜ್ಯ ವೈನ್ ನೀತಿ ತಂದಿದ್ದೇ ದ್ರಾಕ್ಷಿ ಬೆಳೆಗಾರರ ಹೆಸರಿನಲ್ಲಿ. ಸಿಎಲ್-9 ಲೈಸೆನ್ಸಿಗೆ ದುಡ್ಡು ಸುರಿಯಲಾಗದ ಆನೆಗೊಂದಿಯ ಒಂದು ಸಣ್ಣ ಖಾನಾವಳಿ, ಅತಿಥಿ ತಂದ ಅದೇ ಬಾಟಲಿಯನ್ನು ಮೇಜಿನ ಮೇಲೆ ಬಿಚ್ಚಲು ಬಿಟ್ಟರೆ 15ಎ.

ನಾನು ಕೇಳುತ್ತಿರುವುದು ಕ್ರಾಂತಿಯಲ್ಲ. ಗುಡಿ, ಶಾಲೆ, ಸ್ಮಾರಕಗಳಿಂದ ದೂರವಿರುವ ಊಟದ ಜಾಗಗಳಿಗೆ ಕಡಿಮೆ ಶುಲ್ಕದ ಒಂದು ಪರವಾನಗಿ. ತಲೆಗೊಂದು ಸೀಲ್ ಮಾಡಿದ ಬಾಟಲಿ, ಕೊಂಡ ಅಂಗಡಿಯ ಬಿಲ್ ಜೊತೆಗೆ. ಗೋಡೆಯ ಮೇಲೆ ಬರೆದ ಕಾರ್ಕೇಜ್ ದರ. ರಾತ್ರಿ ಮುಚ್ಚುವ ಸಮಯ. ವಾಹನದ ಕೀಲಿ ಕೈಯಲ್ಲಿದ್ದವನಿಗೆ ಗ್ಲಾಸು ಇಲ್ಲ, ಅಂದರೆ ಲಾರಿ ಬೆಳಿಗ್ಗೆ ತನಕ ಢಾಬಾದಲ್ಲೇ ನಿಲ್ಲಬೇಕು. ಆ ಊರಿನ ಗ್ರಾಮಸಭೆ ಬೇಡ ಅಂದರೆ ಪರವಾನಗಿ ಇಲ್ಲ, ಮತ್ತು ಆ ಸಭೆಯಲ್ಲಿ ಹೆಂಗಸರ ಮತ ಪ್ರತ್ಯೇಕವಾಗಿ ಎಣಿಕೆಯಾಗಬೇಕು. ಮದ್ಯ ರಾಜ್ಯ ಪಟ್ಟಿಯ ವಿಷಯ, ದೆಹಲಿಯನ್ನು ಕಾಯಬೇಕಿಲ್ಲ.

ಬಾರ್ ಮಾಲೀಕರು ವಿರೋಧಿಸುತ್ತಾರೆ, ಅವರ ಲೈಸೆನ್ಸಿನ ಬೆಲೆ ನಿಂತಿರುವುದೇ ‘ಬೇರೆಲ್ಲೂ ಕೂತು ಕುಡಿಯೋ ಹಾಗಿಲ್ಲ’ ಅನ್ನುವುದರ ಮೇಲೆ. ಹೊಸ ಸಿಎಲ್-2, ಸಿಎಲ್-9 ಲೈಸೆನ್ಸುಗಳನ್ನು ಹರಾಜು ಹಾಕುವ ಮಾತನ್ನು ಸರ್ಕಾರವೂ ಅದೇ ಬಜೆಟ್‌ನಲ್ಲಿ ಆಡಿತ್ತು. ಹರಾಜಿನಲ್ಲಿ ಸಂಡೂರಿನ ಢಾಬಾದವನು ಕೈ ಎತ್ತಲಾರ.

ಗೋವಾದಿಂದ ಘಟ್ಟ ಹತ್ತಿ ಬರುವ ಹಳಿಯ ಮೇಲೆ ಅಮರಾವತಿ ಎಕ್ಸ್‌ಪ್ರೆಸ್ ಕೂಡ ಓಡುತ್ತೆ. ವಾಸ್ಕೋ ಬಿಟ್ಟು ಹುಬ್ಬಳ್ಳಿ, ಕೊಪ್ಪಳ, ಹೊಸಪೇಟೆ ದಾಟಿ ಬಂಗಾಳಕ್ಕೆ. ಅದರ ಸ್ಲೀಪರ್ ಬೋಗಿಯಲ್ಲಿ ಅಮಲಿನಲ್ಲಿ ಸಿಕ್ಕವನಿಗೆ ರೈಲ್ವೆ ಕಾಯ್ದೆಯ ಕಲಂ 145: ಆರು ತಿಂಗಳವರೆಗೆ ಜೈಲು, 500 ರೂಪಾಯಿವರೆಗೆ ದಂಡ, ಟಿಕೆಟ್ಟೂ ಹೋಯಿತು. ಅದೇ ಹಳಿಯ ಮೇಲೆ ನೇರಳೆ ಬಣ್ಣದ ರೈಲಿನಲ್ಲಿ ಗ್ಲಾಸು ತುಂಬಿಸುವವರು ಸಮವಸ್ತ್ರ ಹಾಕಿರುತ್ತಾರೆ.