ಗಾಳಿ ಇದ್ದರೂ ಹುದುಗುವುದೇಕೆ? ಯೀಸ್ಟ್ ಪಾಠದ ಬಗ್ಗೆ ಒಂದು ಅಭಿಪ್ರಾಯ

ಬೋಧನಾಭ್ಯಾಸದ ಎರಡನೆಯ ವಾರ ಹತ್ತನೆಯ ತರಗತಿಗೆ 'ಜೀವಕ್ರಿಯೆಗಳು' ಅಧ್ಯಾಯದ ಒಂದು ಪಾಠ ಮಾಡಿದೆ. ವೀಕ್ಷಣಾ ನಮೂನೆಯಲ್ಲಿ ಒಳ್ಳೆಯ ಅಂಕಗಳು ಬಂದವು. ಆ ಅಂಕಗಳ ಬಗ್ಗೆಯೇ ನನಗೆ ತಕರಾರಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಚಟುವಟಿಕೆ ನಮಗೆಲ್ಲ ಗೊತ್ತಿರುವುದೇ. ಸಕ್ಕರೆ ನೀರಿಗೆ ಯೀಸ್ಟ್ ಹಾಕಿ, ಪ್ರನಾಳಕ್ಕೆ ಒಂದು ರಂಧ್ರದ ಬಿರಡೆ ಜೋಡಿಸಿ, ಬಾಗಿದ ಗಾಜಿನ ನಳಿಕೆಯ ತುದಿಯನ್ನು ಸುಣ್ಣದ ತಿಳಿನೀರಿನಲ್ಲಿ ಮುಳುಗಿಸುವುದು. ತಿಳಿನೀರು ಹಾಲಿನಂತಾಯಿತು. 'ಆಕ್ಸಿಜನ್ ಇಲ್ಲದಿದ್ದಾಗ ಯೀಸ್ಟ್ ಗ್ಲುಕೋಸನ್ನು ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ವಿಭಜಿಸುತ್ತದೆ' ಎಂದು ಕಪ್ಪುಹಲಗೆಯಲ್ಲಿ ಬರೆದು, ಕೆಳಗೆ ಗೆರೆ ಎಳೆದೆ.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. ನಮ್ಮದು ಕರಾವಳಿಯ ಶಾಲೆ, ಅವನ ಅಜ್ಜ ಮೂರ್ತೆ ಕೆಲಸದವರು. "ಟೀಚರ್, ಅಜ್ಜ ಮರಕ್ಕೆ ಕಟ್ಟುವ ಮಡಕೆಯ ಬಾಯಿ ತೆರೆದೇ ಇರ್ತದೆ. ಅಲ್ಲಿ ಗಾಳಿ ಉಂಟಲ್ಲ? ಮತ್ತೆ ಅದು ಕಳ್ಳು ಆಗುವುದು ಹೇಗೆ?"

'ಕಳ್ಳು' ಎಂಬ ಮಾತಿಗೆ ತರಗತಿ ಗೊಳ್ಳೆಂದು ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ, ಹಿಂದೆ ಮಾರ್ಗದರ್ಶಕರು ಕುಳಿತಿದ್ದರು, ಗಂಟೆ ಬಾರಿಸಲು ಹನ್ನೆರಡು ನಿಮಿಷ ಇತ್ತು. "ಪಾಠಕ್ಕೆ ಸಂಬಂಧಪಟ್ಟದ್ದು ಮಾತ್ರ ಕೇಳು, ಕುಳಿತುಕೋ" ಎಂದೆ. ಅವನು ಕುಳಿತ. ವೀಕ್ಷಣಾ ನಮೂನೆಯಲ್ಲಿ 'ವಿಷಯಾಂತರವಾಗದಂತೆ ತರಗತಿಯನ್ನು ನಿಭಾಯಿಸಿದ್ದಾರೆ' ಎಂಬ ಷರಾ ಬಂತು.

ಆದರೆ ಅದು ವಿಷಯಾಂತರವಾಗಿರಲಿಲ್ಲ. ಆ ದಿನ ತರಗತಿಯಲ್ಲಿ ಯೀಸ್ಟ್ ಬಗ್ಗೆ ಯೋಚಿಸಿದವನು ಬಹುಶಃ ಅವನೊಬ್ಬನೇ.

ಅಂದು ಸಂಜೆ ಬಿ.ಎಸ್ಸಿ.ಯ ಸೂಕ್ಷ್ಮಜೀವಿಶಾಸ್ತ್ರದ ಪುಸ್ತಕ ತೆಗೆದು ಕುಳಿತೆ. ಪದವಿ ಪರೀಕ್ಷೆಗೆ ಓದಿ ಮರೆತಿದ್ದ ಎರಡು ಹೆಸರುಗಳು ಅಲ್ಲಿದ್ದವು. ಲೂಯಿ ಪಾಶ್ಚರ್ 1861ರಲ್ಲಿ ಕಂಡದ್ದು: ಗಾಳಿ ಸಿಕ್ಕಿದ ಯೀಸ್ಟ್ ಕಡಿಮೆ ಸಕ್ಕರೆ ಬಳಸಿ ಹೆಚ್ಚು ಬೆಳೆಯುತ್ತದೆ, ಗಾಳಿ ಸಿಗದ ಯೀಸ್ಟ್ ಹೆಚ್ಚು ಸಕ್ಕರೆ ಸುರಿದು ಕಡಿಮೆ ಬೆಳೆಯುತ್ತದೆ. ಹುದುಗುವಿಕೆಯಲ್ಲಿ ಒಂದು ಗ್ಲುಕೋಸ್ ಅಣುವಿಗೆ ನಿವ್ವಳ ಎರಡು ಎಟಿಪಿ ಮಾತ್ರ ಸಿಗುವುದರಿಂದ ಇದು ಸಹಜ. ನಮ್ಮ ಪಾಠ ಇಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಹೆಸರು ಹರ್ಬರ್ಟ್ ಕ್ರಾಬ್‌ಟ್ರೀ. ಗ್ಲುಕೋಸ್ ಹೆಚ್ಚಾದಾಗ ಗಡ್ಡೆಯ ಜೀವಕೋಶಗಳು ಆಕ್ಸಿಜನ್ ಬಳಸುವುದನ್ನು ತಗ್ಗಿಸುತ್ತವೆ ಎಂದು ಅವರು 1929ರಲ್ಲಿ ತೋರಿಸಿದರು. ಬ್ರೆಡ್ಡಿನ ಯೀಸ್ಟ್, ಅಂದರೆ ಸ್ಯಾಕರೋಮೈಸಿಸ್ ಸೆರೆವಿಸಿಯೆ ತೋರಿಸುವ ಇಂಥದೇ ನಡವಳಿಕೆಗೆ ಮುಂದೆ ಅವರ ಹೆಸರೇ ಬಂತು. ಸಕ್ಕರೆ ಸಾಕಷ್ಟಿದ್ದರೆ ಈ ಯೀಸ್ಟ್ ಆಕ್ಸಿಜನ್ ಎದುರಿಗಿದ್ದರೂ ಹುದುಗುವಿಕೆಯನ್ನೇ ನಡೆಸುತ್ತದೆ. ಉಸಿರಾಟಕ್ಕೆ ಬೇಕಾದ ಎಷ್ಟೋ ಕಿಣ್ವಗಳ ತಯಾರಿಯನ್ನು ಗ್ಲುಕೋಸೇ ತಡೆಹಿಡಿಯುತ್ತದೆ. ಇದಕ್ಕೆ ಬಹಳ ಸಕ್ಕರೆಯೂ ಬೇಡ, ಲೀಟರಿಗೆ ಒಂದು ಗ್ರಾಂ ಗ್ಲುಕೋಸ್ ಇದ್ದರೆ ಧಾರಾಳವಾಯಿತು. ನಾನು ಕಾಲು ಲೀಟರ್ ನೀರಿಗೆ ಎರಡು ಚಮಚ ಸಕ್ಕರೆ ಹಾಕಿದ್ದೆ. ಲೀಟರಿಗೆ ಲೆಕ್ಕ ಹಾಕಿದರೆ ನಲವತ್ತು ಗ್ರಾಂ ಹತ್ತಿರ! ಬಿರಡೆ ಹಾಕದಿದ್ದರೂ ಅಲ್ಲಿ ಎಥನಾಲ್ ಆಗುತ್ತಿತ್ತು. ಮರದಿಂದ ಇಳಿಯುವ ರಸದಲ್ಲಿ ಸಕ್ಕರೆ ಇದಕ್ಕಿಂತಲೂ ಹೆಚ್ಚು. ಮಡಕೆಯ ಬಾಯಿ ತೆರೆದಿದ್ದರೂ ಕಳ್ಳು ಆಗುವುದಕ್ಕೆ ಇದು ಮುಖ್ಯ ಕಾರಣ. ರಸದ ಒಳಭಾಗಕ್ಕೆ ಗಾಳಿ ಬೇಗ ಇಳಿಯುವುದಿಲ್ಲ ಎಂಬುದೂ ಸೇರಿಕೊಳ್ಳುತ್ತದೆ, ಅಲ್ಲಿ ಯೀಸ್ಟ್ ಜೊತೆಗೆ ಬ್ಯಾಕ್ಟೀರಿಯಾಗಳೂ ಇರುತ್ತವೆ.

ಸಕ್ಕರೆ ಮುಗಿದ ಮೇಲೆ ನಡೆಯುವುದು ಇನ್ನೂ ಸ್ವಾರಸ್ಯ. ಗಾಳಿ ಸಿಗುತ್ತಿದ್ದರೆ ಯೀಸ್ಟ್ ತನ್ನ ದಾರಿ ಬದಲಿಸಿ, ತಾನೇ ಹೊರಹಾಕಿದ ಎಥನಾಲನ್ನು ಉಸಿರಾಟದ ಮೂಲಕ ಆಹಾರವಾಗಿ ಬಳಸಿಕೊಳ್ಳುತ್ತದೆ. ಹೊರಗೆ ಸುರಿದದ್ದು ವ್ಯರ್ಥವಲ್ಲ, ಬೇರೆ ಸೂಕ್ಷ್ಮಜೀವಿಗಳು ಮುಟ್ಟಲು ಹಿಂಜರಿಯುವ ಬುತ್ತಿ. ಯೀಸ್ಟ್ ತಯಾರಿಸುವ ಕಾರ್ಖಾನೆಗಳಿಗೆ ಈ ಸ್ವಭಾವ ಚೆನ್ನಾಗಿ ಗೊತ್ತು. ಅವರಿಗೆ ಬೇಕಾದದ್ದು ಜೀವಕೋಶ, ಆಲ್ಕೋಹಾಲ್ ಅಲ್ಲ. ಅದಕ್ಕೆ ಅವರು ಗಾಳಿಯನ್ನು ಜೋರಾಗಿ ಊದುತ್ತ, ಕಾಕಂಬಿಯನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾರೆ. ನಾನು ಅಂಗಡಿಯಿಂದ ತಂದ ಪೊಟ್ಟಣವೇ ನನ್ನ ಕಪ್ಪುಹಲಗೆಯ ವಾಕ್ಯ ಅರ್ಧ ಸತ್ಯ ಎಂದು ಹೇಳುತ್ತಿತ್ತು.

ಪಠ್ಯಪುಸ್ತಕ ತಪ್ಪು ಎಂದು ನಾನು ಹೇಳುತ್ತಿಲ್ಲ. ಆಕ್ಸಿಜನ್ ಇಲ್ಲದಾಗ ಯೀಸ್ಟ್ ಹುದುಗುವಿಕೆ ನಡೆಸುತ್ತದೆ ಎಂಬುದು ನಿಜ. ಅದನ್ನು 'ಇಲ್ಲದಾಗ ಮಾತ್ರ' ಎಂದು ಓದಿಸುವವರು ನಾವು. ಆ 'ಮಾತ್ರ' ನನ್ನ ಪಾಠ ಯೋಜನೆಯಲ್ಲಿತ್ತು, ಪುಸ್ತಕದಲ್ಲಿ ಇರಲಿಲ್ಲ.

ಸುಣ್ಣದ ತಿಳಿನೀರಿನ ವಿಷಯವೂ ಇಷ್ಟೇ. ಅದು ಕಾರ್ಬನ್ ಡೈಆಕ್ಸೈಡ್ ಬಂತೆಂದು ಹೇಳುತ್ತದೆ, ಯಾವ ದಾರಿಯಿಂದ ಬಂತೆಂದು ಹೇಳುವುದಿಲ್ಲ. ವಾಯುವಿಕ ಉಸಿರಾಟದಲ್ಲೂ ಅದೇ ಅನಿಲ ಬರುತ್ತದೆ. ನಾನೂ ನೀವೂ ಬಾಯಿಂದ ಊದಿದರೂ ತಿಳಿನೀರು ಹಾಲಾಗುತ್ತದೆ, ಹಾಗೆಂದು ನಾವು ಅವಾಯುವಿಕ ಜೀವಿಗಳಲ್ಲ. ಈ ವಿಷಯದಲ್ಲಿ ನಾವು 'ಮಕ್ಕಳಾಟ' ಎಂದು ಬದಿಗಿಡುವ ಬಲೂನೇ ಹೆಚ್ಚು ಪ್ರಾಮಾಣಿಕ. ಉಸಿರಾಟದಲ್ಲಿ ಆರು ಅಣು ಆಕ್ಸಿಜನ್ ಹೋಗಿ ಆರು ಅಣು ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಆದ್ದರಿಂದ ಮುಚ್ಚಿದ ಬಾಟಲಿಯಲ್ಲಿ ಅನಿಲದ ಗಾತ್ರ ಹೆಚ್ಚಾಗಬೇಕಿಲ್ಲ. ಹುದುಗುವಿಕೆಯಲ್ಲಿ ಆಕ್ಸಿಜನ್ ಖರ್ಚಾಗದೆ ಎರಡು ಅಣು ಅನಿಲ ಹೊಸದಾಗಿ ಸೇರುತ್ತದೆ. ಬಲೂನು ಉಬ್ಬಿತೆಂದರೆ ಒಳಗೆ ಹುದುಗುವಿಕೆ ನಡೆದಿದೆ ಎಂದೇ ಅರ್ಥ. ಹತ್ತನೆಯ ತರಗತಿಯ ಮಕ್ಕಳು ಸಮೀಕರಣವನ್ನು ಎಣಿಸಿ ತಾವೇ ಇದನ್ನು ಹೇಳಬಲ್ಲರು. ಮೂರು ಬಾಟಲಿಗಳಲ್ಲಿ ಸಕ್ಕರೆಯ ಪ್ರಮಾಣ ಬದಲಿಸಿ, ಒಂದನ್ನು ಬಿಸಿಲಿಗೆ ಬದಲು ತಣ್ಣೀರಿನಲ್ಲಿಟ್ಟು, ಸಕ್ಕರೆಯೇ ಇಲ್ಲದ ಇನ್ನೊಂದನ್ನು ಪಕ್ಕದಲ್ಲಿಟ್ಟರೆ ಒಂದು ಅವಧಿಗೆ ಸಾಕಾಗುವಷ್ಟು ಕೆಲಸ ಇದೆ. ಖರ್ಚು ಬಲೂನಿನದು ಮಾತ್ರ. (ದೋಸೆ ಹಿಟ್ಟನ್ನು ಯೀಸ್ಟಿಗೆ ಉದಾಹರಣೆಯಾಗಿ ಬರೆಯುವ ಗೆಳತಿಯರಿಗೆ ಒಂದು ಮಾತು: ಅಲ್ಲಿ ಹಿಟ್ಟನ್ನು ಉಬ್ಬಿಸುವವು ಹೆಚ್ಚಾಗಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು.)

"ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇದೆಲ್ಲ ಬೇಕೇ?" ಎಂದು ಸಹಪಾಠಿಯೊಬ್ಬರು ಕೇಳಿದರು. ಬೇಡ. ಕ್ರಾಬ್‌ಟ್ರೀ ಹೆಸರನ್ನು ಮಕ್ಕಳಿಗೆ ಹೇಳಬೇಕೆಂದು ನಾನು ವಾದಿಸುವುದಿಲ್ಲ, ಉತ್ತರ ಪತ್ರಿಕೆಯಲ್ಲಿ ಅವರು ಪುಸ್ತಕದ ವಾಕ್ಯವನ್ನೇ ಬರೆಯಲಿ. ನಾನು ಕೇಳುವುದು ಕಡಿಮೆ: ಪ್ರಶ್ನೆ ಬಂದಾಗ "ಒಳ್ಳೆಯ ಪ್ರಶ್ನೆ, ನನಗೆ ಗೊತ್ತಿಲ್ಲ, ನಾಳೆ ನೋಡೋಣ" ಎಂದರೆ ಪ್ರಶಿಕ್ಷಣಾರ್ಥಿಗೆ ಅಂಕ ಕಡಿಮೆಯಾಗಬಾರದು. ನಮ್ಮ ವೀಕ್ಷಣಾ ನಮೂನೆಯಲ್ಲಿ ಶಿಕ್ಷಕಿ ಕೇಳಿದ ಪ್ರಶ್ನೆಗಳ ಗುಣಮಟ್ಟಕ್ಕೆ ಅಂಕವಿದೆ, ಮಕ್ಕಳು ಕೇಳಿದ ಪ್ರಶ್ನೆ ಬರೆದುಕೊಳ್ಳಲು ಒಂದು ಸಾಲೂ ಇಲ್ಲ. ಪಾಠ ಯೋಜನೆಯ 'ಪೂರ್ವಜ್ಞಾನ' ಎಂಬ ಕಲಮಿನಲ್ಲಿ ನಾವು ತರಗತಿಯನ್ನು ನೋಡುವ ಮೊದಲೇ 'ವಿದ್ಯಾರ್ಥಿಗಳಿಗೆ ಉಸಿರಾಟದ ಬಗ್ಗೆ ತಿಳಿದಿದೆ' ಎಂದು ತುಂಬಿಸುತ್ತೇವೆ. ನನ್ನದರಲ್ಲೂ ಹಾಗೇ ಇತ್ತು. ಮರ ಹತ್ತುವವರ ಮೊಮ್ಮಗನಿಗೆ ಏನು ಗೊತ್ತಿರಬಹುದು ಎಂದು ನಾನು ಯೋಚಿಸಿರಲೇ ಇಲ್ಲ.

ಶಾಲೆಯಲ್ಲಿ ಮದ್ಯದ ಮಾತು ಬೇಡ ಎನ್ನುವವರೂ ಇದ್ದಾರೆ. ಕಪ್ಪುಹಲಗೆಯಲ್ಲಿ ಎಥನಾಲ್ ಎಂದು ಬರೆದಾಗ ಯಾರೂ ನಗಲಿಲ್ಲ, ಕಳ್ಳು ಎಂದಾಗ ನಕ್ಕರು. ಆ ನಗು ವಸ್ತುವಿನ ಮೇಲಿನದಲ್ಲ, ಅದನ್ನು ಇಳಿಸುವವರ ಮೇಲಿನದು. ನಾನು ಹುಡುಗನನ್ನು ಕೂರಿಸಿ ನಕ್ಕವರ ಕಡೆ ಸೇರಿದೆ.

ಎರಡು ದಿನ ಬಿಟ್ಟು ತರಗತಿಯಲ್ಲಿ ನನ್ನ ವಾಕ್ಯವನ್ನು ತಿದ್ದಿದೆ, ಯಾರ ಪ್ರಶ್ನೆಯಿಂದ ತಿದ್ದಿದೆನೆಂದೂ ಹೇಳಿದೆ. ಅವನು ತಲೆ ತಗ್ಗಿಸಿಕೊಂಡೇ ಕುಳಿತಿದ್ದ. ಮರುದಿನ ಶಿಕ್ಷಕರ ಕೊಠಡಿಯ ಬಾಗಿಲಿಗೆ ಬಂದು, "ಟೀಚರ್, ಅಜ್ಜನಲ್ಲಿ ಕೇಳಿದೆ. ಬೆಲ್ಲಕ್ಕೆ ಬೇಕಾದರೆ ಮಡಕೆಯ ಒಳಗೆ ಸುಣ್ಣ ಬಳಿಯುವುದಂತೆ, ಆಗ ಹುಳಿ ಬರುವುದಿಲ್ಲ, ಸಿಹಿಯೇ ಉಳಿಯುತ್ತದಂತೆ" ಎಂದ. ಸುಣ್ಣದಿಂದ ರಸ ಪ್ರತ್ಯಾಮ್ಲೀಯವಾಗಿ ಸೂಕ್ಷ್ಮಜೀವಿಗಳ ಕೆಲಸ ನಿಲ್ಲುವುದನ್ನು ನಾನು ವಿವರಿಸಿದೆ. "ಇದನ್ನು ನಾಳೆ ತರಗತಿಯಲ್ಲಿ ನೀನೇ ಹೇಳು" ಎಂದೆ.

"ಬೇಡ ಟೀಚರ್, ನೀವೇ ಹೇಳಿ" ಎಂದು ಹೊರಟುಹೋದ. ನನ್ನ ಬೋಧನಾಭ್ಯಾಸ ಮುಗಿಯುವವರೆಗೆ ಅವನು ತರಗತಿಯಲ್ಲಿ ಮತ್ತೆ ಕೈ ಎತ್ತಲಿಲ್ಲ.