ರುಜುವಿಗೆ ಮುನ್ನ

ನಮ್ಮ ರಾಷ್ಟ್ರಪತಿಗಳನ್ನು ಉತ್ಸವಮೂರ್ತಿಗೆ ಹೋಲಿಸುವುದು ವಾಡಿಕೆಯಾಗಿಬಿಟ್ಟಿದೆ. ಮೂಲಮೂರ್ತಿಯು ಗರ್ಭಗುಡಿಯಲ್ಲಿ, ಅಂದರೆ ಪ್ರಧಾನಮಂತ್ರಿಗಳ ಮನೆಯಲ್ಲಿ. ಅಲಂಕಾರ ಮಾಡಿಸಿಕೊಂಡು ಬೀದಿ ಸುತ್ತಿ ಬರುವ ವಿಗ್ರಹವು 340 ಕೋಣೆಗಳ ರಾಷ್ಟ್ರಪತಿ ಭವನದಲ್ಲಿ. ಹೋಲಿಕೆಯೇನೋ ಸೊಗಸಾಗಿದೆ. ಆದರೆ ಉತ್ಸವಮೂರ್ತಿಯ ಕೈಗೆ ಯಾರೂ ಲೇಖನಿಯನ್ನು ಕೊಡುವುದಿಲ್ಲ. ರಾಷ್ಟ್ರಪತಿಗಳ ಕೈಯಲ್ಲಿ ಅದೊಂದಿದೆ. ಆ ಲೇಖನಿಯು ಕಾಗದವನ್ನು ಮುಟ್ಟುವ ಮುನ್ನ ಎಷ್ಟು ಹೊತ್ತು ತಡೆಯಬಲ್ಲದು ಎಂಬುದೇ ಆ ಪದವಿಯ ಅಧಿಕಾರಕ್ಕೆ ಅಳತೆಗೋಲೆಂದು ನನ್ನ ಎಣಿಕೆ.

ರಾಜ್ಯಾಂಗವನ್ನು ರಚಿಸಿದವರು ಈ ವಿಷಯವನ್ನು ಸ್ವಲ್ಪ ಸಡಿಲವಾಗಿಯೇ ಬಿಟ್ಟಿದ್ದರು. ಇಂಗ್ಲೆಂಡಿನಲ್ಲಿ ದೊರೆಗೆ ಯಾವ ಸ್ಥಾನವೋ ನಮ್ಮಲ್ಲಿ ರಾಷ್ಟ್ರಪತಿಗೆ ಅದೇ ಸ್ಥಾನವೆಂದು ಡಾಕ್ಟರ್ ಅಂಬೇಡ್ಕರರು 1948ರ ನವೆಂಬರ್ 4ರಂದು ರಚನಾಸಭೆಯಲ್ಲಿ ವಿವರಿಸಿದ್ದರು. ಆದರೂ ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿಯು ಕಟ್ಟುಬಿದ್ದವನೆಂದು 74ನೆಯ ವಿಧಿಯಲ್ಲಿ ಬಾಯಿಬಿಟ್ಟು ಬರೆಯಲಿಲ್ಲ. ಆ ಸಭೆಯ ಅಧ್ಯಕ್ಷರಾಗಿದ್ದ ಬಾಬು ರಾಜೇಂದ್ರ ಪ್ರಸಾದರು ಇದನ್ನು ಆಗಲೇ ಗಮನಿಸಿದ್ದರು. ತಾವೇ ರಾಷ್ಟ್ರಪತಿಗಳಾಗಿದ್ದ ಕಾಲದಲ್ಲಿ, 1960ರ ನವೆಂಬರ್ 28ರಂದು, ದೆಹಲಿಯ ಭಾರತೀಯ ಕಾನೂನು ಸಂಸ್ಥೆಯ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡುತ್ತ, ಇಂಗ್ಲೆಂಡಿನ ದೊರೆಯ ಹೋಲಿಕೆ ನಮಗೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದನ್ನು ಪಂಡಿತರು ಪರಿಶೀಲಿಸಬೇಕೆಂದು ಕೇಳಿಕೊಂಡರು. ನೆಹರೂ ಅವರಿಗೆ ಈ ಮಾತು ಹಿಡಿಸಲಿಲ್ಲ. 1974ರಲ್ಲಿ ಸುಪ್ರೀಂ ಕೋರ್ಟು ಶಂಶೇರ್ ಸಿಂಗ್ ಮೊಕದ್ದಮೆಯ ತೀರ್ಪಿನಲ್ಲಿ ವಾದವನ್ನು ಮುಗಿಸಿತು: ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದು.

ಮಂತ್ರಿಮಂಡಲದ ಸಲಹೆ ಎಂದರು, ಪ್ರಧಾನಮಂತ್ರಿಯೊಬ್ಬರ ಸಲಹೆ ಎನ್ನಲಿಲ್ಲ. ಈ ಭೇದದ ಬೆಲೆ ಮರುವರ್ಷವೇ ತಿಳಿಯಿತು.

1975ರ ಜೂನ್ 25ರ ರಾತ್ರಿ ಇಂದಿರಾ ಗಾಂಧಿಯವರಿಂದ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರಿಗೆ ಒಂದು ಪತ್ರ ಹೋಯಿತು. ದೇಶದ ಒಳಗಿನ ಕ್ಷೋಭೆಯ ಕಾರಣದಿಂದ ತುರ್ತು ಪರಿಸ್ಥಿತಿಯನ್ನು ಘೋಷಿಸಬೇಕು. ಮಂತ್ರಿಮಂಡಲವನ್ನು ಸೇರಿಸಲು ಈ ರಾತ್ರಿ ಸಮಯವಿಲ್ಲ ಎಂಬುದು ಅದರ ತಾತ್ಪರ್ಯ. ಮಧ್ಯರಾತ್ರಿಗೆ ಮುನ್ನವೇ ರುಜು ಬಿದ್ದಿತು. ಮಂತ್ರಿಗಳಿಗೆ ಸಂಗತಿ ತಿಳಿದದ್ದು ಮರುದಿನ ಬೆಳಗ್ಗೆ ಆರು ಗಂಟೆಯ ಸಭೆಯಲ್ಲಿ. ಅಷ್ಟರೊಳಗೆ ಎಷ್ಟೋ ಮಂದಿ ನಾಯಕರ ಬಂಧನ ಆಗಿಹೋಗಿತ್ತು.

ಅಂದು ಆ ವೃದ್ಧರ ಕೈಯಲ್ಲಿ ಏನೂ ಇರಲಿಲ್ಲವೆಂದು ಹೇಳುವವರಿದ್ದಾರೆ. ನಾನು ಒಪ್ಪಲಾರೆ. 78ನೆಯ ವಿಧಿಯನ್ನು ತೆಗೆದು ನೋಡಿ. ಒಬ್ಬ ಮಂತ್ರಿಯು ತಾನೊಬ್ಬನೇ ಮಾಡಿದ ನಿರ್ಧಾರವನ್ನು ಮಂತ್ರಿಮಂಡಲದ ಮುಂದಿರಿಸಿರೆಂದು ಕೇಳುವ ಹಕ್ಕು ರಾಷ್ಟ್ರಪತಿಗಳಿಗೆ 1950ರಿಂದಲೂ ಅಲ್ಲಿ ಇದೆ. “ಬೆಳಗಾಗಲಿ, ಮಂತ್ರಿಗಳೆಲ್ಲ ಸೇರಲಿ” ಎಂಬ ಒಂದು ಮಾತಿಗೆ ಕಾನೂನಿನ ಆಧಾರವಿತ್ತು. ಆ ಮಾತು ಹೊರಡಲಿಲ್ಲ. ಮುಂದೆ ಅದೇ ವರ್ಷದ ಡಿಸೆಂಬರಿನಲ್ಲಿ ಅಬು ಅಬ್ರಹಾಂ ಅವರು ಸ್ನಾನದ ತೊಟ್ಟಿಯಲ್ಲಿ ಕುಳಿತೇ ಕಾಗದಕ್ಕೆ ರುಜು ಹಾಕಿಕೊಡುವ ರಾಷ್ಟ್ರಪತಿಯ ಚಿತ್ರವನ್ನು ಬರೆದರು. ಅದನ್ನು ಕಂಡವರು ಮರೆತಿಲ್ಲ.

1976ರ 42ನೆಯ ತಿದ್ದುಪಡಿಯು ಇದ್ದ ಸಂದನ್ನೂ ಮುಚ್ಚಿತು. ಸಲಹೆಯಂತೆ ನಡೆಯತಕ್ಕದ್ದೆಂದು 74ನೆಯ ವಿಧಿಯಲ್ಲಿ ಈಗ ಸ್ಪಷ್ಟವಾಗಿ ಬರೆದುಬಿಟ್ಟರು. ಕೆಲವೇ ತಿಂಗಳಲ್ಲಿ ಈ ಬಿಗಿಯ ಅನುಭವ ಆದದ್ದು ಒಬ್ಬ ಕನ್ನಡಿಗರಿಗೆ.

ಬಸಪ್ಪ ದಾನಪ್ಪ ಜತ್ತಿಯವರು ಜಮಖಂಡಿ ಸೀಮೆಯ ಸಾವಳಗಿಯವರು. ಜಮಖಂಡಿಯಲ್ಲಿ ವಕೀಲಿ ಮಾಡಿದವರು. ಆ ಪುಟ್ಟ ಸಂಸ್ಥಾನದ ಮುಖ್ಯಮಂತ್ರಿಯಾಗಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1974ರಲ್ಲಿ ಉಪರಾಷ್ಟ್ರಪತಿಯಾದವರು. ಸೌಮ್ಯರೆಂದು ಹೆಸರಾದವರು. 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹಮದರು ತೀರಿಕೊಳ್ಳಲು, ಹಂಗಾಮಿ ರಾಷ್ಟ್ರಪತಿಯ ಭಾರ ಜತ್ತಿಯವರ ಮೇಲೆ ಬಿತ್ತು. ಚುನಾವಣೆಯಲ್ಲಿ ಕಾಂಗ್ರೆಸ್ಸು ಸೋತು, ಮಾರ್ಚ್ 21ರಂದು ಒಳಗಿನ ತುರ್ತು ಪರಿಸ್ಥಿತಿ ರದ್ದಾದಾಗ ದೇಶದ ಮುಖ್ಯಸ್ಥರ ಸ್ಥಾನದಲ್ಲಿದ್ದವರು ಇವರೇ.

ಹೊಸ ಜನತಾ ಸರ್ಕಾರವು ಏಪ್ರಿಲಿನಲ್ಲಿ ಇನ್ನೊಂದು ಕಾಗದವನ್ನು ಸಿದ್ಧಪಡಿಸಿತು. ಉತ್ತರದ ಒಂಬತ್ತು ರಾಜ್ಯಗಳಲ್ಲಿ, ಒರಿಸ್ಸಾ ಬಂಗಾಳಗಳೂ ಸೇರಿ, ಲೋಕಸಭೆಗೆ ಕಾಂಗ್ರೆಸ್ಸು ಸೋತಿದೆ. ಆದ್ದರಿಂದ ಅಲ್ಲಿನ ಕಾಂಗ್ರೆಸ್ ವಿಧಾನಸಭೆಗಳಿಗೆ ಜನರ ವಿಶ್ವಾಸ ಉಳಿದಿಲ್ಲ, ವಿಸರ್ಜಿಸಬೇಕು ಎಂಬುದು ವಾದ. ಹೊಸ ರಾಷ್ಟ್ರಪತಿಯ ಚುನಾವಣೆಯು ಆರು ತಿಂಗಳೊಳಗೆ ಆಗಬೇಕಾಗಿತ್ತು, ಅದರಲ್ಲಿ ಶಾಸಕರಿಗೂ ಮತವುಂಟು ಎಂಬ ಲೆಕ್ಕವೂ ಹಿಂದೆ ಇತ್ತು. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಅವುಗಳ ದಾವೆ ವಜಾ ಆಯಿತು. ಕಾಗದವು ಜತ್ತಿಯವರ ಮೇಜಿಗೆ ಬಂದಿತು. ಅವರು ರುಜು ಹಾಕಲಿಲ್ಲ. ದೆಹಲಿಯೇ ಬೆರಗಾಯಿತು. ಮಂತ್ರಿಮಂಡಲವು ಪಟ್ಟು ಹಿಡಿಯಿತು. ಮರುದಿನ, ಏಪ್ರಿಲ್ 30ರಂದು, ಒಂಬತ್ತು ಸಭೆಗಳೂ ವಿಸರ್ಜನೆಗೊಂಡವು.

ಜತ್ತಿಯವರು ತಮ್ಮ ಹಳೆಯ ಪಕ್ಷದ ಋಣ ತೀರಿಸಿದರೆಂದು ಆಗ ಆಡಿಕೊಂಡವರು ಬಹಳ. ಇರಬಹುದು, ಮನಸ್ಸಿನ ಒಳಗನ್ನು ಯಾರು ಬಲ್ಲರು? ಆದರೆ ಲೋಕಸಭೆಯಲ್ಲಿ ಸೋತ ಪಕ್ಷದ ರಾಜ್ಯ ಸರ್ಕಾರಗಳನ್ನು ಕೆಡವಬಹುದೇ ಎಂಬ ಪ್ರಶ್ನೆಯು ಕೇಳತಕ್ಕ ಪ್ರಶ್ನೆಯೇ ಆಗಿತ್ತು. 1980ರ ಫೆಬ್ರುವರಿಯಲ್ಲಿ ಅಧಿಕಾರಕ್ಕೆ ಮರಳಿದ ಇಂದಿರಾ ಗಾಂಧಿಯವರ ಸರ್ಕಾರವು ಅದೇ ವಾದವನ್ನು ಹೂಡಿ, ಲೆಕ್ಕ ತಪ್ಪದೆ ಒಂಬತ್ತು ವಿಧಾನಸಭೆಗಳನ್ನೇ ವಿಸರ್ಜಿಸಿತು. ಈ ಕತ್ತಿಗೆ ಒರೆ ಸಿಕ್ಕಿದ್ದು 1994ರಲ್ಲಿ, 1989ರಲ್ಲಿ ಪದಚ್ಯುತರಾದ ನಮ್ಮ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯ ತೀರ್ಪಿನಿಂದ. ಬೆಲೆ ತೆತ್ತವರು, ಇನ್ನೂ ಅವಧಿ ಮುಗಿಯದ ಸಭೆಗಳನ್ನು ಆರಿಸಿದ್ದ ಮತದಾರರು.

1975ರಲ್ಲಿ ಕೇಳಲು ಕಾನೂನು ಅವಕಾಶ ಕೊಟ್ಟಿತ್ತು, ಕೇಳುವವರಿರಲಿಲ್ಲ. 1977ರಲ್ಲಿ ಕೇಳುವವರೊಬ್ಬರಿದ್ದರು, ಕಾನೂನಿನಲ್ಲಿ ಎಡೆಯಿರಲಿಲ್ಲ. 1978ರ 44ನೆಯ ತಿದ್ದುಪಡಿಯು ಎರಡಕ್ಕೂ ಮದ್ದು ಅರೆಯಿತು. ತುರ್ತು ಪರಿಸ್ಥಿತಿಗೆ ಮಂತ್ರಿಮಂಡಲದ ನಿರ್ಧಾರವು ಬರವಣಿಗೆಯಲ್ಲಿ ಬರತಕ್ಕದ್ದು. ಮತ್ತು ಯಾವುದೇ ಸಲಹೆಯನ್ನು ರಾಷ್ಟ್ರಪತಿಗಳು ಒಮ್ಮೆ ಮರುಪರಿಶೀಲನೆಗೆ ಕಳುಹಿಸಬಹುದು. ಎರಡನೆಯ ಸಲ ಬಂದರೆ ಒಪ್ಪಲೇಬೇಕು. ಒಮ್ಮೆ ಮಾತ್ರ ತಾನೆ ಎನ್ನಬೇಡಿ. 1997ರಲ್ಲಿ ಕೆ. ಆರ್. ನಾರಾಯಣನ್ ಅವರು ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆಯ ಶಿಫಾರಸನ್ನು ಹಿಂದಿರುಗಿಸಿದಾಗ, ಮಂತ್ರಿಮಂಡಲವು ಅದನ್ನು ಮತ್ತೆ ಕಳುಹಿಸುವ ಧೈರ್ಯ ಮಾಡಲಿಲ್ಲ.

ಮಸೂದೆಗಳ ಮಾತು ಬೇರೆ. ಹಣಕಾಸಿನ ಮಸೂದೆಗಳ ಹೊರತು ಉಳಿದವನ್ನು ಪಾರ್ಲಿಮೆಂಟಿಗೆ ಹಿಂದಕ್ಕೆ ಕಳುಹಿಸುವ ಹಕ್ಕು ಮೊದಲಿನಿಂದಲೂ ಇದೆ. ಜನರ ಟಪಾಲನ್ನು ತಡೆದು ಪರೀಕ್ಷಿಸಲು ಸರ್ಕಾರಕ್ಕೆ ವಿಶಾಲ ಅಧಿಕಾರ ಕೊಡುವ ಮಸೂದೆಯೊಂದು 1986ರಲ್ಲಿ ಬಂದಾಗ ಜೈಲ್ ಸಿಂಗರು ಹಿಂದಕ್ಕೂ ಕಳುಹಿಸಲಿಲ್ಲ, ರುಜುವನ್ನೂ ಹಾಕಲಿಲ್ಲ, ಸುಮ್ಮನೆ ಇಟ್ಟುಕೊಂಡರು. ಅದು ಕಾನೂನಾಗಲೇ ಇಲ್ಲ.

ಹಕ್ಕಿದ್ದೂ ತಡೆಯದ ಪ್ರಸಂಗವೂ ಉಂಟು. 2005ರ ಮೇ ತಿಂಗಳ ಒಂದು ರಾತ್ರಿ ಬಿಹಾರ ವಿಧಾನಸಭೆಯ ವಿಸರ್ಜನೆಯ ಶಿಫಾರಸು ಮಾಸ್ಕೋದಲ್ಲಿದ್ದ ಅಬ್ದುಲ್ ಕಲಾಂ ಅವರಿಗೆ ಹೋಯಿತು. ಅಲ್ಲಿಂದಲೇ ಅವರು ಒಪ್ಪಿಗೆ ಕೊಟ್ಟರು. ಆ ವಿಸರ್ಜನೆಯು ರಾಜ್ಯಾಂಗವಿರುದ್ಧವೆಂದು ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಗ ರಾಜೀನಾಮೆಯ ಪತ್ರವನ್ನೇ ಬರೆದಿಟ್ಟಿದ್ದೆನೆಂದು ಅವರು 2012ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಮರುವರ್ಷ ಮೇ ತಿಂಗಳಲ್ಲಿ, ಸಂಸತ್ಸದಸ್ಯರು ಹಿಡಿದಿದ್ದ ಲಾಭದಾಯಕ ಹುದ್ದೆಗಳಿಗೆ ರಕ್ಷಣೆ ಕೊಡುವ ಮಸೂದೆಯು ರುಜುವಿಗೆ ಬಂದಾಗ, ಕಲಾಂ ಅವರು ಅದನ್ನು ಹಿಂದಕ್ಕೆ ಕಳುಹಿಸಿದರು. ಪಾರ್ಲಿಮೆಂಟು ಅದನ್ನು ಬದಲಿಸದೆ ಮತ್ತೆ ಅಂಗೀಕರಿಸಿತು. ಆಗಸ್ಟಿನಲ್ಲಿ ರುಜು ಬಿದ್ದಿತು.